ಸೈಕಲ್ ಕಟ್ಟೆ: ನಾಲೆ ಏರಿ, ಹೊಳೆ ದಂಡೆ, ದಪ್ಪ ಟೈರು

ಹೋದ ತಿಂಗಳು ಮಹದೇವಪುರದ ಹತ್ರ ಕಾವೇರಿ ದಂಡೆ ಮೇಲೆ ಬೆಳಬೆಳಗ್ಗೆ ಮೌಂಟೇನ್ ಬೈಕ್ ಹೊಡೆದಿದ್ದರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಅಷ್ಟಕ್ಕೇ ಇಷ್ಟೊಂದು ಪ್ರಶ್ನೆ ಬಂದ್ಬಿಟ್ಟಿವೆ. ಹಾಗಾಗಿ ಈ ಸಲ ಪೂರ್ತಿ ಅದೇ. ಒಂದೇ ತರದ ಪ್ರಶ್ನೆಗಳನ್ನ ಸೇರಿಸ್ಕೊಂಡಿದೀನಿ, ಹೆಸರು ಹಾಕ್ಬೇಡಿ ಅಂತ ತುಂಬ ಜನ ಕೇಳಿದ್ರಿಂದ ಬರೀ ಊರಿನ ಹೆಸರು ಹಾಕಿದೀನಿ.

ನಮ್ಮದು ಗದ್ದೆ ಬಯಲು, ಎಲ್ಲಿ ನೋಡಿದ್ರೂ ಸಮತಟ್ಟು. ಬೆಟ್ಟ ಹತ್ತೋ ಸೈಕಲ್ಲು ಇಲ್ಲಿಗೆ ಯಾಕೆ ಸಾರ್? ಮಗ ಮೌಂಟೇನ್ ಬೈಕೇ ಬೇಕು ಅಂತ ಹಠ ಹಿಡಿದಿದಾನೆ. – ಮದ್ದೂರು

ಹೆಸರಲ್ಲಿ ಬೆಟ್ಟ ಇರೋದ್ರಿಂದ ಈ ಅನುಮಾನ ಎಲ್ರಿಗೂ ಬರುತ್ತೆ. ಈ ಸೈಕಲ್ ಹುಟ್ಟಿದ್ದು ನಿಜಕ್ಕೂ ಬೆಟ್ಟದಲ್ಲೇ, ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಲಿ, ಟಾಮಲ್‌ಪೈಸ್ ಬೆಟ್ಟದ ಸುತ್ತಮುತ್ತ, 1970ರ ದಶಕದಲ್ಲಿ. ಅಲ್ಲಿನ ಹುಡುಗರು ಗುಜರಿ ಸೇರೋ ಹಂತದಲ್ಲಿದ್ದ ಹಳೇ ದಪ್ಪ ಟೈರಿನ ಸೈಕಲ್ ತಗೊಂಡು ಮಣ್ಣಿನ ಇಳಿಜಾರಲ್ಲಿ ಬಿಡ್ತಿದ್ರು, 1976ರಲ್ಲಿ ರೇಸೇ ಶುರು ಮಾಡಿದ್ರು, ಆ ಇಳಿಜಾರಿಗೆ ರೀಪ್ಯಾಕ್ ಅಂತ ಹೆಸರು. ಯಾಕೆ ಗೊತ್ತಾ, ಹಿಂದಿನ ಚಕ್ರದ ಹಬ್‌ನೊಳಗಿನ ಬ್ರೇಕು ಕೆಳಗೆ ಬರೋ ಅಷ್ಟರಲ್ಲಿ ಕಾದು ಗ್ರೀಸೆಲ್ಲ ಹೊಗೆ ಆಗಿ ಹೋಗ್ತಿತ್ತು, ಪ್ರತಿ ಸಲ ಹಬ್ ಬಿಚ್ಚಿ ಹೊಸದಾಗಿ ಗ್ರೀಸ್ ತುಂಬ್ಬೇಕಿತ್ತು. ಅಲ್ಲಿಂದ ಶುರುವಾಗಿದ್ದು 1996ರ ಅಟ್ಲಾಂಟಾ ಒಲಿಂಪಿಕ್ಸ್‌ವರೆಗೂ ಹೋಯ್ತು.

ಆದ್ರೆ ಈ ಸೈಕಲ್ಲಿನ ಜೀವ ಇರೋದು ಏರು ಹತ್ತೋದ್ರಲ್ಲಿ ಅಲ್ಲ, ಕೆಟ್ಟ ನೆಲದ ಮೇಲೆ ನಿಲ್ಲೋದ್ರಲ್ಲಿ, ಮತ್ತೆ ನಮ್ಮ ಬಯಲು ಸಮತಟ್ಟು ಇರಬಹುದು, ನುಣುಪಂತೂ ಇಲ್ಲ. ನಾಲೆ ಏರಿ ಮೇಲೆ ಒಂದ್ಸಲ ನಡ್ಕೊಂಡು ಹೋಗಿ ನೋಡಿ, ಮಳೆಗಾಲದಲ್ಲಿ ಎಮ್ಮೆ ದನ ತುಳಿದ ಗೊರಸಿನ ಗುಳಿಗಳು ಬೇಸಿಗೆಲಿ ಸಿಮೆಂಟ್ ತರ ಗಟ್ಟಿಯಾಗಿರ್ತವೆ, ಕಬ್ಬಿನ ಟ್ರ್ಯಾಕ್ಟರ್ ಹೋದ ಕಡೆ ಮೊಣಕಾಲುದ್ದ ಜಾಡು, ಹೊಳೆ ಹತ್ರ ಬಂದ್ರೆ ಮರಳು ಮಿಶ್ರಿತ ಮೆಕ್ಕಲು ಮಣ್ಣು, ಮೇಲೆ ತೆಳ್ಳಗೆ ಹೆಪ್ಪುಗಟ್ಟಿರುತ್ತೆ, ಚಕ್ರ ಇಟ್ಟ ತಕ್ಷಣ ಒಳಗೆ ಕುಸಿಯುತ್ತೆ. ಸಣ್ಣ ಟೈರು ಅಲ್ಲಿ ಚಾಕು ತರ ಕುಯ್ಕೊಂಡು ಹೋಗಿ ಸಿಕ್ಕಾಕೊಳ್ಳುತ್ತೆ. 2.1, 2.25 ಇಂಚಿನ ಟೈರಿಗೆ ಗಾಳಿ ಕಮ್ಮಿ ಹಾಕಿದ್ರೆ ಅದು ಅಗಲ ಆಗಿ ಮಣ್ಣಿನ ಮೇಲೆ ತೇಲುತ್ತೆ. ಇದಕ್ಕೋಸ್ಕರ ಬೇಕು ಅಂತೀನಿ, ಬೇರೆ ಯಾವ ಕಾರಣಕ್ಕೂ ಅಲ್ಲ.

ಹಾಗಂತ ದುಡ್ಡು ಸುರೀಬೇಡಿ. ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಶನ್ ಇರೋದು ನಮ್ಮ ಕಡೆ ದಂಡ. ಬಯಲಲ್ಲಿ ಇಡೀ ದಿನ ತುಳೀತಾನೇ ಇರ್ಬೇಕು, ಆ ಹಿಂದಿನ ಸ್ಪ್ರಿಂಗು ನಿಮ್ಮ ಶಕ್ತಿ ತಿನ್ನುತ್ತೆ, ಭಾರ ಬೇರೆ. ಮುಂದೆ ಮಾತ್ರ ಸಸ್ಪೆನ್ಶನ್ ಇರೋ ಹಾರ್ಡ್‌ಟೇಲ್ ತಗೊಳ್ಳಿ, ಅದರ ಫೋರ್ಕಿಗೆ, ಅಂದ್ರೆ ಮುಂದಿನ ಚಕ್ರ ಹಿಡಿಯೋ ಕವೆಗೆ, ಸ್ಪ್ರಿಂಗ್ ಕುಣೀದ ಹಾಗೆ ನಿಲ್ಲಿಸೋ ಲಾಕ್ ಇದ್ರೆ ಇನ್ನೂ ಒಳ್ಳೇದು. ಮತ್ತೆ ದಯವಿಟ್ಟು ಅಳತೆ ನೋಡಿ ತಗೊಳ್ಳಿ. ನನ್ನ ಮೊದಲನೇ ಸೈಕಲ್ಲು ಅಂಗಡಿಯವರು "ಇದೊಂದೇ ಸ್ಟಾಕ್ ಇರೋದು, ಸೀಟ್ ಇಳಿಸಿದ್ರೆ ಸರಿಹೋಗುತ್ತೆ" ಅಂತ ದೊಡ್ಡ ಫ್ರೇಮ್ ಕಟ್ಟಿಬಿಟ್ರು, ಒಂದೂವರೆ ವರ್ಷ ಬೆನ್ನು ನೋವು ಅನುಭವಿಸಿದೆ. ಮಗ ಸೈಕಲ್ ಮೇಲಿನ ಕಂಬಿ ಮೇಲೆ ಕಾಲು ಎರಡೂ ಕಡೆ ಇಟ್ಟು ನಿಂತಾಗ ಎರಡು ಮೂರು ಬೆರಳಷ್ಟಾದ್ರೂ ಸಂದು ಇರ್ಬೇಕು. ಅಷ್ಟಿಲ್ಲ ಅಂದ್ರೆ ಬೇರೆ ಅಂಗಡಿ ನೋಡಿ.

ಬೆಂಗಳೂರಿಂದ ಒಂದು ದಿನಕ್ಕೆ ಬರ್ತೀವಿ, ನಾಲ್ಕು ಜನ. ಶ್ರೀರಂಗಪಟ್ಟಣದ ಸುತ್ತ ಹೊಳೆ ಪಕ್ಕದ ಹಾದಿ ಹೇಳಿ. – ಬೆಂಗಳೂರು, ಜಯನಗರ

ಮೊದಲು ಒಂದು ಮಾತು, ಬೆಂಗಳೂರಿಂದ ಸೈಕಲ್ ತುಳ್ಕೊಂಡೇ ಬರೋ ಯೋಚನೆ ಇದ್ರೆ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಇಳೀಬೇಡಿ, 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಜೊತೆಗೆ ಸೈಕಲ್ಲಿಗೂ ಅಲ್ಲಿ ಪ್ರವೇಶ ಇಲ್ಲ, ಸರ್ವಿಸ್ ರಸ್ತೆಲೇ ಬರ್ಬೇಕು. ಕಾರಿನ ಹಿಂದೆ ಕಟ್ಕೊಂಡು ಬಂದು ಶ್ರೀರಂಗಪಟ್ಟಣದಲ್ಲಿ ಇಳಿಸ್ಕೊಳ್ಳೋದು ವಾಸಿ.

ಊರೇ ಒಂದು ದ್ವೀಪ, ಕಾವೇರಿ ಎರಡು ಕವಲಾಗಿ ಸುತ್ತು ಹಾಕ್ಕೊಂಡು ಸಂಗಮದಲ್ಲಿ ಮತ್ತೆ ಒಂದಾಗ್ತಾಳೆ. ಬೆಳಗ್ಗೆ ಆರಕ್ಕೆ ಕೋಟೆ ಹತ್ರ ಶುರು ಮಾಡಿ, ದರಿಯಾ ದೌಲತ್ ದಾಟಿ ಗಂಜಾಂ ಮೇಲೆ ಗುಂಬಜ್, ಅಲ್ಲಿಂದ ಸಂಗಮ. ಇದು ಬರೀ ಮೈ ಬಿಸಿ ಮಾಡ್ಕೊಳ್ಳೋಕೆ, ಟಾರ್ ರಸ್ತೆ. ಆದ್ರೆ ಗಂಜಾಂ ಕಡೆ ಬಂಗಾರದೊಡ್ಡಿ ನಾಲೆ ನೀರು ಹರೀತಿರೋದನ್ನ ನಿಂತು ನೋಡಿ. ಹೊಳೆಯಿಂದ ನೀರು ತಿರುಗಿಸಿ, ಅದನ್ನ ಅದೇ ಹೊಳೆಯ ಇನ್ನೊಂದು ಕವಲಿನ ಮೇಲೆ ಕಲ್ಲಿನ ಮೇಲ್ಗಾಲುವೆಲಿ ಹಾಯ್ಸಿ ದ್ವೀಪಕ್ಕೆ ತಂದಿದಾರೆ, ಒಡೆಯರ ಕಾಲದ ಕೆಲಸ ಅದು, ಇವತ್ತಿಗೂ ಗದ್ದೆಗೆ ನೀರು ಕೊಡ್ತಿದೆ. ನಾನು ಪ್ರತಿ ಸಲ ಅಲ್ಲಿ ಸೈಕಲ್ ನಿಲ್ಲಿಸ್ತೀನಿ.

ಆಮೇಲೆ ನಿಜವಾದ ಸವಾರಿ. ಹೊಳೆ ದಾಟಿ ಕರಿಘಟ್ಟದ ಬುಡಕ್ಕೆ ಬನ್ನಿ, ಲೋಕಪಾವನಿ ಅಲ್ಲೇ ಕಾವೇರಿಗೆ ಸೇರೋದು. ಬೆಟ್ಟದ ಸುತ್ತ ಕಲ್ಲು ಹಾದಿ ಇದೆ, ಸೈಕಲ್ ಹುಡುಗರು ಅಲ್ಲಿ ಯಾವಾಗ್ಲೂ ಇರ್ತಾರೆ, ಆದ್ರೆ ನೀವು ಕೇಳಿದ್ದು ಹೊಳೆ ಪಕ್ಕದ್ದು ಅಲ್ವಾ, ಅದಕ್ಕೆ ಬೆಟ್ಟ ಬಿಟ್ಟು ಚಂದಗಾಲು ಕಡೆ ಇಳಿದು ಮಹದೇವಪುರ, ಅರಕೆರೆ ದಿಕ್ಕು ಹಿಡೀರಿ. ಈ ಪೂರ್ತಿ ಭಾಗಕ್ಕೆ ನೀರು ಕೊಡೋದು ಚಿಕ್ಕದೇವರಾಯ ಸಾಗರ ನಾಲೆ, ಜನ ಸಿಡಿಎಸ್ ನಾಲೆ ಅಂತಾರೆ, ಅದರ ಏರಿ ಮೇಲೆ, ಅದರಿಂದ ಒಡೆಯೋ ಕಿರುಗಾಲುವೆಗಳ ಪಕ್ಕ, ತೆಂಗಿನ ತೋಟದ ಸಂದಿಲಿ ಹಾದಿಗಳಿವೆ. ಮ್ಯಾಪಲ್ಲಿ ಎಲ್ಲ ಸಿಗಲ್ಲ, ಸಿಕ್ಕಿದ್ದರಲ್ಲಿ ಅರ್ಧ ಯಾರದ್ದೋ ಹೊಲದಲ್ಲಿ ಕೊನೆಯಾಗುತ್ತೆ. ಕೇಳ್ಕೊಂಡು ಹೋಗಿ. "ಈ ಏರಿ ಮೇಲೆ ಹೋದ್ರೆ ಹೊಳೆ ಸಿಗುತ್ತಾ ಅಣ್ಣ" ಅಂದ್ರೆ ಯಾರೂ ಇಲ್ಲ ಅನ್ನಲ್ಲ, ಕೈ ಹಿಡಿದು ತೋರಿಸ್ತಾರೆ.

ಮಹದೇವಪುರದ ಹತ್ರ ಹೊಳೆ ಅಗಲ ಆಗುತ್ತೆ, ಬಂಡೆ ಮಧ್ಯೆ ಮಧ್ಯೆ ನೀರು, ದಂಡೆಲಿ ದೊಡ್ಡ ಮರಗಳು. ಬೆಳಗ್ಗೆ ಏಳೂವರೆ ಸುಮಾರಿಗೆ ನೀರಿನ ಮೇಲಿನ ಮಂಜು ಇನ್ನೂ ಪೂರ್ತಿ ಎದ್ದಿರಲ್ಲ, ಬಟ್ಟೆ ಒಗೆಯೋ ಸದ್ದು ಆಚೆ ದಡಕ್ಕೆ ಹೊಡೆದು ವಾಪಸ್ ಬರ್ತಿರುತ್ತೆ, ಮೀನು ಹಿಡಿಯೋರು ಹರಿಗೋಲು ಎಳ್ಕೊಂಡು ಬರ್ತಿರ್ತಾರೆ. ಅಲ್ಲಿ ತಿಂಡಿ ಕಟ್ಕೊಂಡು ಹೋಗಿದ್ದು ತಿಂದು ವಾಪಸ್ ಬನ್ನಿ. ಇನ್ನೂ ಕಾಲಲ್ಲಿ ಶಕ್ತಿ ಇದ್ರೆ ಹೊಳೆ ಆಚೆ ಬನ್ನೂರು, ಅಲ್ಲಿಂದ ಸೋಮನಾಥಪುರದ ಹೊಯ್ಸಳ ದೇವಸ್ಥಾನ ಹತ್ರಾನೇ, 2023ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ್ದು.

ಇನ್ನೊಂದು ದಿನ ಸಿಕ್ರೆ ಪಶ್ಚಿಮಕ್ಕೆ ಹೋಗಿ, ಪಾಲಹಳ್ಳಿ, ಬೆಳಗೊಳ, ವಿರಿಜಾ ನಾಲೆ ಪಕ್ಕ, ಬಲಮುರಿ. ರಂಗನತಿಟ್ಟು ದಾರಿಲೇ ಸಿಗುತ್ತೆ, 1940ರಲ್ಲಿ ಪಕ್ಷಿಧಾಮ ಆಗಿದ್ದು, ಸೈಕಲ್ ಹೊರಗೆ ಬಿಟ್ಟು ನಡ್ಕೊಂಡು ಒಳಗೆ ಹೋಗಿ. ಆಷಾಢದ ಗಾಳಿ ಇರೋ ತಿಂಗಳಲ್ಲಾದ್ರೆ ಈ ದಿಕ್ಕೇ ಮೊದಲು ಮಾಡಿ, ಹೋಗ್ತಾ ಎದುರು ಗಾಳಿ, ಬರ್ತಾ ಗಾಳಿನೇ ತಳ್ಳುತ್ತೆ. ಬಯಲಲ್ಲಿ ಗಾಳಿನೇ ಬೆಟ್ಟ, ಅದನ್ನ ಸುಸ್ತಾದ ಮೇಲೆ ಹತ್ತೋಕಾಗಲ್ಲ.

ಹೊಳೆಗೆ ಇಳೀಬೇಡಿ. ಬಲಮುರಿಲಿ ನೀರು ಶಾಂತವಾಗಿ ಕಾಣುತ್ತೆ, ಕಲ್ಲಿನ ಸಂದಿಲಿ ಸುಳಿ ಇರುತ್ತೆ, ಎಷ್ಟೋ ಮನೆ ಮಕ್ಕಳು ಅಲ್ಲಿ ಹೋಗಿದಾರೆ. ಈ ಹೊಳೆಲಿ ಮೊಸಳೆನೂ ಇವೆ, ಬಂಡೆ ಮೇಲೆ ಬಿಸಿಲು ಕಾಯಿಸ್ಕೊಂಡು ಮಲಗಿರೋದನ್ನ ನಾನೇ ಎಷ್ಟೋ ಸಲ ನೋಡಿದೀನಿ.

ನಾನು ಸೈಕಲ್ ಹೊಡೆಯೋನಲ್ಲ, ರೈತ. ಭಾನುವಾರ ಬಂತು ಅಂದ್ರೆ ಹೆಲ್ಮೆಟ್ ಹಾಕ್ಕೊಂಡು ಹತ್ತು ಹದಿನೈದು ಜನ ನಮ್ಮ ಗದ್ದೆ ಬದು ಮೇಲೇ ನುಗ್ತಾರೆ. ಹೋದ ವರ್ಷ ಬದು ಒಡೆದು ನೀರೆಲ್ಲ ಪಕ್ಕದ ಗದ್ದೆಗೆ ಹೋಯ್ತು. ನೀವು ಬರೆಯೋದರಿಂದ ಇನ್ನೂ ಜಾಸ್ತಿ ಬರ್ತಾರೆ. – ಶ್ರೀರಂಗಪಟ್ಟಣ ತಾಲ್ಲೂಕು

ನಿಮ್ಮ ಕಾಗದನ ಮೂರು ಸಲ ಓದಿದೆ. ನೀವು ಹೇಳಿದ್ದು ಸರಿ, ನನ್ನ ಬರಹದಲ್ಲಿ ಈ ಮಾತು ಮೊದಲೇ ಬರ್ಬೇಕಿತ್ತು, ಅದಕ್ಕೆ ಕ್ಷಮೆ ಇರ್ಲಿ.

ಸೈಕಲ್ ಹೊಡೆಯೋರು ಇದನ್ನ ಓದ್ಬೇಕು. ಬದು ಅನ್ನೋದು ಹಾದಿ ಅಲ್ಲ. ಅದು ನೀರು ನಿಲ್ಲಿಸೋ ಗೋಡೆ. ನಾಟಿಗೆ ಮುಂಚೆ ಹಸಿ ಮಣ್ಣು ಕೆತ್ತಿ, ಗುದ್ದಲಿಲಿ ಮೆತ್ತಿ, ಕಾಲಲ್ಲಿ ಒತ್ತಿ ಕೂರಿಸಿರ್ತಾರೆ, ಒಳಗೆ ಏಡಿ ತೂತು ಮಾಡಿದ್ರೇ ಸಾಕು ನೀರು ಸೋರೋಕೆ ಶುರುವಾಗುತ್ತೆ, ಅಂಥದ್ದರ ಮೇಲೆ ಎಂಬತ್ತು ತೊಂಬತ್ತು ಕೆಜಿ ಸೈಕಲ್ ಸಮೇತ ಹೋದ್ರೆ ಟೈರು ಮಧ್ಯದಲ್ಲಿ ಗೀರು ಹಾಕುತ್ತೆ, ಆ ಗೀರಲ್ಲೇ ನೀರು ದಾರಿ ಮಾಡ್ಕೊಳ್ಳುತ್ತೆ. ರಾತ್ರಿ ಅವರ ಸರದಿಗೆ ಬಂದಿದ್ದ ನೀರು ಬೆಳಗ್ಗೆ ಹೊತ್ತಿಗೆ ಇರಲ್ಲ. ನಾಲೆ ನೀರು ಇಲ್ಲಿ ಸರದಿ ಮೇಲೆ ಬರೋದು, ನೀರುಗಂಟಿ ಬಿಟ್ಟಾಗ ಹಿಡ್ಕೋಬೇಕು, ತಪ್ಪಿದ್ರೆ ಇನ್ನೆಷ್ಟು ದಿನವೋ. ನಿಮ್ಮ ಐದು ನಿಮಿಷದ ವಿಡಿಯೋಗೆ ಒಬ್ಬರ ಒಂದು ಸರದಿ ನೀರು ಹೋಗುತ್ತೆ.

ಹಾಗಾಗಿ ಜೀಪು ಹೋಗೋ ಅಗಲ ಇರೋ ನಾಲೆ ಏರಿ, ಗಾಡಿ ದಾರಿ, ಊರಿಂದ ಹೊಳೆಗೆ ಹೋಗೋ ರೂಢಿ ಹಾದಿ, ಇಷ್ಟೇ ನಮ್ಮದು. ಎತ್ತಿನ ಗಾಡಿ ಎದುರು ಬಂದ್ರೆ ಇಳಿದು ಪಕ್ಕಕ್ಕೆ ನಿಂತ್ಕೊಳ್ಳಿ, ಬೆಲ್ ಹೊಡೀಬೇಡಿ, ಎತ್ತು ಬೆದರುತ್ತೆ. ಸುಗ್ಗಿ ಟೈಮಲ್ಲಿ ರಸ್ತೆ ಮೇಲೆ ರಾಗಿ, ಹುರುಳಿ ಒಕ್ಕಣೆಗೆ ಹರಡಿರ್ತಾರೆ, ಕಾರು ಬಸ್ಸು ಅದರ ಮೇಲೇ ಹೋಗೋದು ನಿಜ, ಆದ್ರೆ ಸೈಕಲ್ಲಿಗೆ ಅದು ಜಾರುತ್ತೆ, ಹುಲ್ಲು ಹಿಂದಿನ ಗೇರಿಗೆ ಸುತ್ಕೊಂಡ್ರೆ ಬಿಡಿಸೋಕೆ ಅರ್ಧ ಗಂಟೆ. ಇಳಿದು ತಳ್ಕೊಂಡು ಹೋಗಿ. ಹತ್ತು ಹದಿನೈದು ಜನದ ಗುಂಪು ಬೇಡವೇ ಬೇಡ, ನಾಲ್ಕು ಜನ ಸಾಕು. ಆಲೆಮನೆ ಸಿಕ್ರೆ ಒಳಗೆ ಹೋಗೋ ಮುಂಚೆ ಕೇಳಿ, ಬಿಸಿ ಬೆಲ್ಲ ಕೊಟ್ರೆ ತಿನ್ನಿ, ದುಡ್ಡು ತಗೊಳ್ಳಲ್ಲ ಅಂದ್ರೆ ಎರಡು ಅಚ್ಚು ಕೊಂಡ್ಕೊಳ್ಳಿ.

ಮುಳ್ಳಿಗೆ ಸಾಕಾಗಿದೆ. ಒಂದೇ ರೈಡಲ್ಲಿ ಮೂರು ಪಂಕ್ಚರ್. ಏನ್ ಮಾಡ್ಲಿ? – ಮೈಸೂರು

ನಮ್ಮ ಕಡೆ ಮುಳ್ಳಲ್ಲಿ ಎರಡು ಜಾತಿ ಬೇರೆ ಬೇರೆ ಮಾಡಿ ನೋಡ್ಬೇಕು. ಒಂದು ಜಾಲಿ, ಅದರಲ್ಲೂ ಬಳ್ಳಾರಿ ಜಾಲಿ, ಬೇಲಿಗೆ ಕಡಿದು ಹಾಕಿದ್ದು ಹಾದಿ ಮೇಲೆ ಬಿದ್ದಿರುತ್ತೆ. ಇನ್ನೊಂದು ನೆಗ್ಗಿಲು, ನೆಲಕ್ಕೆ ಅಂಟಿಕೊಂಡು ಹಬ್ಬೋ ಹಳದಿ ಹೂವಿನ ಗಿಡ, ಅದರ ಕಾಯಿ ಹೇಗೆ ಬಿದ್ರೂ ಒಂದು ಮೊನೆ ಮೇಲಕ್ಕೇ ಇರುತ್ತೆ. ನೆಗ್ಗಿಲು ಗಿಡ್ಡ, ದಪ್ಪ ಟೈರಾದ್ರೆ ಸುಮಾರು ಸಲ ಟ್ಯೂಬ್ ತನಕ ಹೋಗಲ್ಲ. ಜಾಲಿ ಹಾಗಲ್ಲ, ಸೂಜಿ ತರ ನೇರ ಒಳಗೆ.

ಮೂರು ಪಂಕ್ಚರ್ ಅಂದ್ರಲ್ಲ, ನನಗನ್ನಿಸೋದು ಅದು ಮೂರು ಮುಳ್ಳಲ್ಲ, ಒಂದೇ ಮುಳ್ಳು. ಜಾಲಿ ಮುಳ್ಳು ಹೊರಗಡೆಯಿಂದ ಕಿತ್ತಾಗ ತುದಿ ಮುರಿದು ರಬ್ಬರಿನ ಒಳಗೇ ಉಳಿಯುತ್ತೆ, ಎಳ್ಳಿನ ಅರ್ಧ ಕಾಳಷ್ಟು, ಕಂದು ಬಣ್ಣ, ಕಪ್ಪು ಟೈರಲ್ಲಿ ಕಣ್ಣಿಗೆ ಬೀಳೋದೇ ಇಲ್ಲ. ನೀವು ಹೊಸ ಟ್ಯೂಬ್ ಹಾಕಿ ಗಾಳಿ ತುಂಬಿದ ತಕ್ಷಣ ಅದೇ ತುದಿ ಮತ್ತೆ ಚುಚ್ಚುತ್ತೆ. ಅದಕ್ಕೆ ಟ್ಯೂಬ್ ತೆಗೆದಾಗ ಮೊದಲು ಟ್ಯೂಬಿಗೆ ಗಾಳಿ ಹಾಕಿ ತೂತು ಎಲ್ಲಿದೆ ಅಂತ ಕಂಡುಹಿಡೀರಿ, ವಾಲ್ವ್ ಜಾಗಕ್ಕೆ ವಾಲ್ವ್ ಇಟ್ಟು ಟೈರ್ ಪಕ್ಕ ಹಿಡಿದ್ರೆ ಮುಳ್ಳು ಯಾವ ಭಾಗದಲ್ಲಿ ಅಂತ ಗೊತ್ತಾಗುತ್ತೆ. ಆಮೇಲೆ ಒಂದು ತುಣುಕು ಹತ್ತಿ ತಗೊಂಡು ಟೈರಿನ ಒಳಗೆ ನಿಧಾನಕ್ಕೆ ಸವರ್ಕೊಂಡು ಹೋಗಿ. ಹತ್ತಿ ಎಳೆ ಎಲ್ಲಿ ಸಿಕ್ಕಾಕೊಳ್ಳುತ್ತೋ ಅಲ್ಲಿ ಮುಳ್ಳು. ಬೆರಳಲ್ಲಿ ಮಾಡ್ಬೇಡಿ, ಬೆರಳಿಗೇ ಹೋಗುತ್ತೆ. ಸಿಕ್ಕ ಮೇಲೆ ಉಗುರುಕಟ್ಟರ್ ಅಥವಾ ಚಿಮುಟದಲ್ಲಿ ಒಳಗಡೆಯಿಂದಲೇ ಎಳೀರಿ. ನಾನು ಹತ್ತಿ, ಚಿಮುಟ ಎರಡೂ ಒಂದು ಹಳೇ ವಿಕ್ಸ್ ಡಬ್ಬಿಲಿ ಸೀಟಿನ ಕೆಳಗೆ ಇಟ್ಕೊಂಡಿರ್ತೀನಿ.

ದುಡ್ಡು ಇದ್ರೆ ಟ್ಯೂಬ್‌ಲೆಸ್ ಮಾಡಿಸಿ, ಒಳಗೆ ಸೀಲೆಂಟ್ ದ್ರವ, ಸಣ್ಣ ತೂತು ತಾನೇ ಮುಚ್ಕೊಳ್ಳುತ್ತೆ. ನಮ್ಮ ಬಿಸಿಲಿಗೆ ಅದು ಎರಡು ಮೂರು ತಿಂಗಳಲ್ಲಿ ಒಣಗಿಹೋಗುತ್ತೆ, ಮತ್ತೆ ಹಾಕಿಸ್ಬೇಕು, ಇದನ್ನ ಮರೆತು ತುಂಬ ಜನ ಟ್ಯೂಬ್‌ಲೆಸ್ಸೇ ಸರಿಯಿಲ್ಲ ಅಂತಾರೆ.

ಗಾಳಿ ವಿಷಯ. ಹಳ್ಳಿ ಪಂಕ್ಚರ್ ಅಂಗಡಿಲಿ ಹುಡುಗ ಟೈರ್ ಕಲ್ಲಾಗೋವರೆಗೂ ಹೊಡೀತಾನೆ, ಅವನ ಪ್ರಕಾರ ಅದೇ ಒಳ್ಳೇ ಗಾಳಿ. ಮಣ್ಣು ಹಾದಿಗೆ, ಮಧ್ಯಮ ತೂಕದೋರಿಗೆ, ಟ್ಯೂಬ್ ಇದ್ರೆ ಗಾಳಿ ಒತ್ತಡದ ಮೀಟರಲ್ಲಿ 30 ಪಿಎಸ್‌ಐ ಆಸುಪಾಸು ಸಾಕು, ಮರಳಲ್ಲಿ ಇನ್ನೂ ಸ್ವಲ್ಪ ಇಳಿಸಿ. ಇನ್ನೊಂದು, ಸ್ಕೂಟರ್ ತರ ದಪ್ಪ ವಾಲ್ವ್ ಇರೋ ಟ್ಯೂಬೇ ತಗೊಳ್ಳಿ, ಯಾವ ಊರಿನ ಬೈಕ್ ಪಂಕ್ಚರ್ ಅಂಗಡಿಲೂ ಗಾಳಿ ಸಿಗುತ್ತೆ.

ನಮ್ ಕಡಿ ಕೃಷ್ಣಾ ದಂಡಿ ಮ್ಯಾಲ ಸೈಕಲ್ ಹೊಡದ್ರ ಎರಿ ಮಣ್ಣು ಗಾಲಿಗಿ ಮೆತ್ಕೊಂಡು ಗಾಲೀನ ತಿರಗೂದಿಲ್ರಿ. ಏನಾರ ಉಪಾಯ ಐತೇನು? – ಜಮಖಂಡಿ

ನಿಮ್ಮ ಕಡೆಯವರಿಗೆ ಸೈಕಲ್ ಬಗ್ಗೆ ನಾನು ಹೇಳೋದಾ, ವಿಜಯಪುರ ಬಾಗಲಕೋಟೆ ಹುಡುಗ ಹುಡುಗಿಯರೇ ಅಲ್ವಾ ನಮ್ಮ ರಾಜ್ಯಕ್ಕೆ ಸೈಕ್ಲಿಂಗಲ್ಲಿ ಮೆಡಲ್ ಮೇಲೆ ಮೆಡಲ್ ತಂದಿರೋದು. ಆದ್ರೂ ಕೇಳಿದೀರಿ ಅಂತ ಹೇಳ್ತೀನಿ.

ಎರೆ ಮಣ್ಣಿಗೆ ಉಪಾಯ ಒಂದೇ, ಹಸಿ ಇದ್ದಾಗ ಹೋಗ್ದೇ ಇರೋದು. ಆ ಮಣ್ಣಲ್ಲಿರೋ ಜೇಡಿ ನೀರು ಕುಡಿದು ಉಬ್ಬುತ್ತೆ, ಒಣಗಿದ್ರೆ ಕುಗ್ಗಿ ಬಿರುಕು ಬಿಡುತ್ತೆ. ಹಸಿ ಇದ್ದಾಗ ಟೈರಿಗೆ ಒಂದು ಪದರ, ಅದರ ಮೇಲೆ ಹುಲ್ಲು, ಮತ್ತೆ ಒಂದು ಪದರ ಅಂತ ರೊಟ್ಟಿ ತರ ಕೂತು ಫೋರ್ಕಿನ ಸಂದು ತುಂಬ್ಕೊಂಡ್ಬಿಡುತ್ತೆ, ಆಗ ಬಲ ಹಾಕಿ ತುಳಿದ್ರೆ ಹಿಂದಿನ ಗೇರಿನ ಕೊಕ್ಕೆನೇ ಮುರಿಯುತ್ತೆ. ಮಳೆ ನಿಂತು ಎರಡು ಮೂರು ಬಿಸಿಲು ಬಿದ್ದ ಮೇಲೆ ಹೋಗಿ. ಹೋಗ್ಲೇಬೇಕು ಅಂದ್ರೆ ಹುಲ್ಲು ಇರೋ ಅಂಚಲ್ಲಿ ಹೋಗಿ, ಮಡ್‌ಗಾರ್ಡ್ ಬಿಚ್ಚಿಡಿ, ಟೈರ್ ಗುಬುಟು ದೂರ ದೂರ ಇರೋದು ಹಾಕಿ, ಕೈಯಲ್ಲೊಂದು ತೊಗರಿ ಕಡ್ಡಿ ಇಟ್ಕೊಳ್ಳಿ ಕೆರೆಯೋಕೆ. ಬಿರುಕಿನ ಕಾಲದಲ್ಲಿ ಬೇರೆ ಅಪಾಯ, ಬಿರುಕು ಚಕ್ರದ ದಿಕ್ಕಲ್ಲೇ ಇದ್ರೆ ಟೈರು ಒಳಗೆ ಇಳಿದು ಸಿಕ್ಕಾಕೊಳ್ಳುತ್ತೆ, ಅಡ್ಡ ದಾಟಿ. ಆಲಮಟ್ಟಿ ಹಿನ್ನೀರು ಇಳಿದಾಗ ಬಿಡೋ ಜಾಗ ನೋಡೋಕೆ ಒಣಗಿದ ಹಾಗೆ ಕಾಣುತ್ತೆ, ಕೆಳಗೆ ಕೆಸರು. ಮೊದಲು ಕಾಲಿಟ್ಟು ನೋಡಿ.

ಮಗಳಿಗೆ ಹದಿಮೂರು. ನಾಲೆ ಪಕ್ಕ ಸೈಕಲ್ ಹೊಡೀತೀನಿ ಅಂತಾಳೆ. ನನಗೆ ಭಯ. – ಪಾಂಡವಪುರ

ನಿಮ್ಮ ಭಯ ಸರಿಯಾದ ಭಯ. 2018ರ ನವೆಂಬರಲ್ಲಿ ನಿಮ್ಮ ತಾಲ್ಲೂಕಿನ ಕನಗನಮರಡಿ ಹತ್ರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಹೋದ್ರಲ್ಲ, ಅದರಲ್ಲಿ ಸ್ಕೂಲ್ ಮಕ್ಕಳೂ ಇದ್ರು, ಅದನ್ನ ಈ ಜಿಲ್ಲೆಲಿ ಯಾರು ಮರೀತಾರೆ. ವಿ.ಸಿ. ನಾಲೆಯಂಥ ದೊಡ್ಡ ನಾಲೆಲಿ ತೊಂದರೆ ಆಳ ಒಂದೇ ಅಲ್ಲ, ಎರಡೂ ಕಡೆ ಕಾಂಕ್ರೀಟ್ ಇಳಿಜಾರು, ಪಾಚಿ ಕಟ್ಟಿರುತ್ತೆ, ಈಜು ಬಂದ್ರೂ ಹತ್ತೋಕೆ ಹಿಡಿತ ಸಿಗಲ್ಲ. ನೀರಿನ ಸೆಳೆತ ಬೇರೆ.

ಅದಕ್ಕೆ ದೊಡ್ಡ ನಾಲೆ ಏರಿ ಮೇಲೆ ಮಗಳನ್ನ ಒಬ್ಬಳೇ ಕಳಿಸ್ಬೇಡಿ, ಇದರಲ್ಲಿ ನಾನು ರಾಜಿ ಆಗಲ್ಲ. ನಾಲೆ ನೀರು ನಿಲ್ಲಿಸಿದ್ದಾಗ, ಅಥವಾ ಸೊಂಟದುದ್ದಕ್ಕಿಂತ ಕಮ್ಮಿ ಇರೋ ಕಿರುಗಾಲುವೆ ಪಕ್ಕ ಶುರು ಮಾಡಿಸಿ, ನೀವೋ ಅಣ್ಣನೋ ಜೊತೆಗಿರಿ. ಹಾದಿಲಿ ನೀರಿನ ಕಡೆ ಅಲ್ಲ, ಹೊಲದ ಕಡೆ ಅಂಚಲ್ಲಿ ಹೋಗ್ಬೇಕು. ತೂಬು, ಸೇತುವೆ ಹತ್ರ ಇಳಿದು ತಳ್ಕೊಂಡು ಹೋಗ್ಬೇಕು, ಅಲ್ಲಿ ಏರಿ ಕಿರಿದಾಗುತ್ತೆ. ಮಳೆ ಬಂದ ದಿನ ಬೇಡ. ಸೈಕಲ್ ನೀರಿಗೆ ಬಿದ್ರೆ ಬಿಟ್ಬಿಡು, ಹಿಡ್ಕೊಳ್ಳೋಕೆ ಹೋಗ್ಬೇಡ ಅಂತ ಮುಂಚೆನೇ ಹೇಳಿ, ಯಾಕಂದ್ರೆ ಸೈಕಲ್ ಕಳೆದ್ರೆ ಮನೇಲಿ ಬೈತಾರೆ ಅಂತ ಮಕ್ಕಳು ಅದರ ಹಿಂದೆ ಇಳೀತಾರೆ. ಈಜು ಕಲಿಸಿ, ಹುಡುಗಿ ಅಂತ ಬಿಡ್ಬೇಡಿ. ಕಬ್ಬಿನ ಗದ್ದೆ ಒತ್ತಿನಲ್ಲಿ ಸಂಜೆ ಆದ್ಮೇಲೆ ಬೇಡ, ಚಿರತೆ ಓಡಾಟ ನಿಮ್ಮ ಕಡೆ ಇದ್ದೇ ಇದೆ. ಇಷ್ಟು ನೋಡ್ಕೊಂಡು ಕಳ್ಸಿ, ತಡೀಬೇಡಿ.

ನಮ್ಮ ಅಕ್ಕನಿಗೆ ಎಂಟನೇ ಕ್ಲಾಸಲ್ಲಿ ಸರ್ಕಾರದಿಂದ ಕೊಟ್ಟ ಸೈಕಲ್ ಮನೇಲಿದೆ. ಅದರಲ್ಲಿ ಹೊಳೆ ದಾರಿಲಿ ಹೋಗ್ಬಹುದಾ? ಹೊಸದು ತಗೊಳ್ಳೋಕೆ ಆಗಲ್ಲ. – ಕೆ.ಆರ್. ಪೇಟೆ

ಹೋಗ್ಬಹುದು ಪುಟ್ಟಾ. 2006-07ರಲ್ಲಿ ಆ ಯೋಜನೆ ಶುರುವಾದಾಗಿಂದ ಎಷ್ಟು ಲಕ್ಷ ಮಕ್ಕಳು ಅದೇ ಸೈಕಲಲ್ಲಿ ಇದೇ ತರದ ಮಣ್ಣು ದಾರಿಲಿ ಸ್ಕೂಲಿಗೆ ಹೋಗಿ ಬಂದಿದಾರೆ. ಅದಕ್ಕಿಂತ ಮುಂಚೆ ಎರಡು ಕ್ಯಾನ್ ಹಾಲು ಕಟ್ಕೊಂಡು ಇದೇ ಏರಿ ಮೇಲೆ ಡೈರಿಗೆ ಹೋಗ್ತಿದ್ದೋರು ಯಾರೂ ಗೇರ್ ಸೈಕಲ್ ಇಟ್ಕೊಂಡಿರ್ಲಿಲ್ಲ.

ಸುಮ್ನೆ ನಿಂತಿರೋ ಸೈಕಲ್ ಆದ್ರೆ ಮೊದಲು ಇಷ್ಟು ನೋಡು. ಟೈರ್ ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಇದ್ರೆ ಟೈರ್ ಬದಲಾಯಿಸ್ಬೇಕು, ಉಳಿದದ್ದಕ್ಕೆಲ್ಲ ಆಮೇಲೆ ದುಡ್ಡು ಹಾಕಿದ್ರಾಯ್ತು. ಬ್ರೇಕ್ ಕಟ್ಟೆ ಗಟ್ಟಿಯಾಗಿ ಹೊಳೀತಿದ್ರೆ ಹೊಸದು ಹಾಕ್ಸು. ಪೆಡಲ್ ತುಳಿದಾಗ ಟೊಕ್ ಟೊಕ್ ಅಂತ ಸದ್ದು ಬಂದ್ರೆ ಪೆಡಲ್ ತೋಳನ್ನ ಅಚ್ಚಿಗೆ ಹಿಡಿಯೋ ಕಾಟರ್ ಪಿನ್ ಸವೆದಿರಬಹುದು, ಅದು ಅಗ್ಗದ ಸಾಮಾನು, ಸೈಕಲ್ ಅಂಗಡಿಲಿ ಸುತ್ತಿಗೆಲಿ ಹೊಡೆದು ಕೂರಿಸ್ಕೊಡ್ತಾರೆ. ಚೈನಿಗೆ ಎಣ್ಣೆ ಬಿಟ್ಟು ಮೇಲಿನದನ್ನ ಬಟ್ಟೆಲಿ ಒರೆಸ್ಬಿಡು, ಇಲ್ಲಾಂದ್ರೆ ಧೂಳು ಕೂತು ಮರಳು ಕಾಗದ ಆಗುತ್ತೆ. ಟೈರ್ ಸಣ್ಣದಾಗಿರೋದ್ರಿಂದ ಮರಳು ಸಿಕ್ಕ ಕಡೆ ಇಳಿದು ತಳ್ಳು. ಸೀಟಿನ ಎತ್ತರ, ಹಿಮ್ಮಡಿ ಪೆಡಲ್ ಮೇಲಿಟ್ಟು ಪೆಡಲ್ ಪೂರ್ತಿ ಕೆಳಗಿದ್ದಾಗ ಮೊಣಕಾಲು ನೆಟ್ಟಗೆ ಆಗ್ಬೇಕು, ಅಷ್ಟೇ. ಹೋಗಿಬಂದು ಬರೀ, ಹೇಮಾವತಿ ಕಡೆಗೆ ಹೋದ್ಯಾ ಅಂತ ತಿಳ್ಕೊಳ್ಳೋ ಆಸೆ ನನಗೆ.

ನಾನಿರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಥೇಮ್ಸ್ ನದಿ ಪಕ್ಕದ ದಾರಿಲಿ ಮೌಂಟೇನ್ ಬೈಕ್ ಹೊಡೀತಿದ್ರೆ ಒಬ್ಬರು ತಡೆದು ಬೈದ್ರು. ಇಲ್ಲೇನು ನಿಯಮ? – ರೆಡಿಂಗ್

ಅಲ್ಲಿ ಹಾದಿಗೆ ದರ್ಜೆ ಇದೆ. ಬರೀ ನಡೆಯೋರ ಹಾದಿ ಅಂತ ಬೋರ್ಡ್ ಇದ್ರೆ ಅಲ್ಲಿ ಸೈಕಲ್ಲಿಗೆ ಹಕ್ಕಿಲ್ಲ, ಥೇಮ್ಸ್ ಪಾತ್‌ನ ತುಂಬ ಭಾಗ ಅಂಥದ್ದು. ಕುದುರೆ ಹಾದಿ ಅಂತಿರೋ ಕಡೆ ಸೈಕಲ್ ಬಿಡ್ಬಹುದು, 1968ರ ಕಾನೂನು ಆ ಹಕ್ಕು ಕೊಟ್ಟಿದ್ದು, ಆದ್ರೆ ನಡೆಯೋರಿಗೂ ಕುದುರೆಯೋರಿಗೂ ಸೈಕಲ್‌ನೋರು ದಾರಿ ಬಿಡ್ಬೇಕು ಅಂತ ಅದೇ ಕಾನೂನು ಹೇಳುತ್ತೆ. ಬೋರ್ಡ್ ನೋಡ್ಕೊಂಡು ಹೋಗಿ. ಮೇಲೆ ನಮ್ಮ ರೈತರು ಬರೆದ ಕಾಗದ ಓದಿ, ಅವರು ಕೇಳಿದ್ದೂ ಇದನ್ನೇ.

ಒಂದು ಗಂಟೆ ಆದ್ಮೇಲೆ ಕಿರುಬೆರಳು ಜೋಮು ಹಿಡಿಯುತ್ತೆ. – ದಾವಣಗೆರೆ

ಸಮತಟ್ಟು ನೆಲದಲ್ಲಿ ಏರೂ ಇಲ್ಲ ಇಳಿವೂ ಇಲ್ಲ, ಹಾಗಾಗಿ ಮೈ ಒಂದೇ ಭಂಗಿಲಿ ಗಂಟೆಗಟ್ಲೆ ಇರುತ್ತೆ, ಅಂಗೈ ಅಂಚಲ್ಲಿರೋ ನರ ಹ್ಯಾಂಡಲ್ಲಿಗೆ ಒತ್ತಿಕೊಳ್ಳುತ್ತೆ. ಹತ್ತು ಹದಿನೈದು ನಿಮಿಷಕ್ಕೊಂದ್ಸಲ ಸೀಟಿಂದ ಎದ್ದು ನಿಂತು ತುಳೀರಿ, ಕೈ ಜಾಗ ಬದಲಾಯಿಸಿ, ಸೀಟಿನ ಮೂತಿ ಕೆಳಗೆ ಬಾಗಿದ್ರೆ ಸರಿ ಮಾಡಿ. ಆಮೇಲೂ ಹೋಗ್ದಿದ್ರೆ ಡಾಕ್ಟರಿಗೆ ತೋರಿಸಿ.

ನನಗೆ ಅರವತ್ತೆರಡು. ಹೈಸ್ಕೂಲಿಗೆ ದಿನಾ ನಾಲೆ ಏರಿ ಮೇಲೆ ಸೈಕಲಲ್ಲೇ ಹೋಗ್ತಿದ್ದೆ, ಆಮೇಲೆ ನೌಕರಿ, ಊರೂರು. ಈಗ ವಾಪಸ್ ಬಂದಿದೀನಿ. ಮತ್ತೆ ಆಗುತ್ತಾ? – ಅರಕೆರೆ

ಆಗುತ್ತೆ ಸಾರ್. ಬಿಪಿ, ಶುಗರ್ ಒಂದ್ಸಲ ಚೆಕ್ ಮಾಡಿಸ್ಕೊಂಡು ಡಾಕ್ಟರ್ ಹೂಂ ಅಂದ ಮೇಲೆ ಶುರು ಮಾಡಿ. ಕಂಬಿ ತಗ್ಗಿರೋ ಫ್ರೇಮ್ ತಗೊಳ್ಳಿ, ಕಾಲು ಎತ್ತಿ ಹತ್ತೋದು ಸುಲಭ. ಮೊದಲ ಎರಡು ವಾರ ಮನೆ ಮುಂದಿನ ರಸ್ತೆಲಿ ಅರ್ಧ ಗಂಟೆ, ಆಮೇಲೆ ಮಣ್ಣು. ಸಣ್ಣ ಗೇರಲ್ಲಿ ಕಾಲು ಹಗುರವಾಗಿ ತಿರುಗೋ ಹಾಗೆ ತುಳೀರಿ, ಬಲ ಹಾಕಿ ಒತ್ತಿದ್ರೆ ಮೊಣಕಾಲು ಹಿಡ್ಕೊಳ್ಳುತ್ತೆ. ಮರಳು ಬಂದಾಗ ಮೈ ಸ್ವಲ್ಪ ಹಿಂದಕ್ಕೆ, ಹ್ಯಾಂಡಲ್ ಸಡಿಲ, ತುಳಿಯೋದು ನಿಲ್ಲಿಸ್ಬೇಡಿ. ಹೆಲ್ಮೆಟ್ ಹಾಕ್ಕೊಳ್ಳಿ, ನೀವು ಹೈಸ್ಕೂಲಿಗೆ ಹೋಗ್ತಿದ್ದಾಗ ಇರ್ಲಿಲ್ಲ, ಈಗ ಇರ್ಲಿ. ನೀರಿನ ಬಾಟಲು ಎರಡು, ಒಂದರಲ್ಲಿ ಚಿಟಿಕೆ ಉಪ್ಪು ಸಕ್ಕರೆ ನಿಂಬೆ. ಫೆಬ್ರವರಿ ಬಂದ ಮೇಲೆ ಒಂಬತ್ತು ಗಂಟೆ ಒಳಗೆ ಮನೆ ಸೇರ್ಕೊಳ್ಳಿ.

ನಿಮ್ಮೂರಿಂದ ಮಹದೇವಪುರ ಹೊಳೆ ದಂಡೆ ಹತ್ರಾನೇ. ನಾನು ತಿಂಗಳಿಗೆ ಎರಡು ಭಾನುವಾರ ಆ ಕಡೆ ಬರ್ತೀನಿ, ದಂಡೆ ಹತ್ತಿರದ ಆಲದ ಮರಕ್ಕೆ ಕೆಂಪು ಹಾರ್ಡ್‌ಟೇಲ್ ಒರಗಿಸಿದ್ರೆ ಅದು ನನ್ನದು. ಕೂಗಿ.